ಮನೆಗೆ ಹೊಂದಿಕೊಂಡ ಶೆಡ್ಡಿನಲ್ಲಿ ಇಲಿ-ಹೆಗ್ಗಣಗಳ ಸಮಗ್ರ ನಿರ್ವಹಣೆ



ಹೊಲದಲ್ಲಿ ಇಲಿಗಳಿಂದಾಗುವ ಹಾನಿಯ ಬಗ್ಗೆ ನಾವು ಸಾಕಷ್ಟು ಮಾತನಾಡುತ್ತೇವೆ. ಆದರೆ ಬೆಳೆ ಕೊಯ್ಲಾಗಿ, ಒಕ್ಕಣೆ ಮುಗಿದು, ಕಾಳು ಮನೆ ಸೇರಿದ ಮೇಲೆ ಆಗುವ ಹಾನಿ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಇಂದು ಬಹುತೇಕ ಕೃಷಿಕ ಕುಟುಂಬಗಳಲ್ಲಿ ಮನೆಗೆ ತಾಗಿ ಒಂದು ಶೆಡ್ಡು ಇರುತ್ತದೆ. ಟ್ರ್ಯಾಕ್ಟರ್ ಅಥವಾ ಬೈಕು, ಸಿಂಪರಣಾ ಯಂತ್ರ, ಸುತ್ತಿಟ್ಟ ಹನಿ ನೀರಾವರಿ ಪೈಪುಗಳು, ಬಿತ್ತನೆ ಶೇಂಗಾದ ಚೀಲ, ಹಿಂಡಿ-ಬೂಸಾ, ಹಳೆಯ ಗೋಣಿಚೀಲ, ತಾಡಪಾಲು ಎಲ್ಲವೂ ಅಲ್ಲಿಯೇ ಇರುತ್ತವೆ. ಇಲಿಗೆ ಬೇಕಾದ ಆಹಾರ, ಅಡಗುತಾಣ ಮತ್ತು ಗೂಡಿನ ಸಾಮಗ್ರಿ ಮೂರೂ ಒಂದೇ ಸೂರಿನಡಿ ದೊರೆಯುವ ಸ್ಥಳವಿದು. ಮಕ್ಕಳು ಆಡುವುದೂ, ನಾಯಿ ಮಲಗುವುದೂ ಅಲ್ಲಿಯೇ ಆದ್ದರಿಂದ ಹೊಲದಲ್ಲಿ ಅನುಸರಿಸುವ ವಿಷಪ್ರಯೋಗವನ್ನು ಇಲ್ಲಿ ಹಾಗೆಯೇ ಅನುಸರಿಸುವಂತಿಲ್ಲ.

ಈ ಲೇಖನದ ಮುಖ್ಯ ಸಲಹೆ ಇಷ್ಟೇ: ಶೆಡ್ಡಿನಲ್ಲಿ ಮೊದಲು ದಾರಿ ಮುಚ್ಚಬೇಕು, ನಂತರ ಬೋನು ಇಡಬೇಕು, ವಿಷವು ಕಟ್ಟಕಡೆಯ ಉಪಾಯವಾಗಿರಬೇಕು. ಸಾಮಾನ್ಯವಾಗಿ ನಾವು ಇದನ್ನು ತಿರುವುಮುರುವಾಗಿ ಮಾಡುತ್ತೇವೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಸೇವೆಗೆ ಸೇರಿದ ಆರಂಭದ ವರ್ಷಗಳಲ್ಲಿ ಧಾರವಾಡ ಜಿಲ್ಲೆಯ ರೈತರೊಬ್ಬರ ಶೆಡ್ಡಿನಲ್ಲಿ ಇಲಿಕಾಟ ಕಂಡು, ಹೊಲಕ್ಕೆ ಶಿಫಾರಸು ಮಾಡುವ ಸತುವಿನ ರಂಜಕದ ವಿಷಾಹಾರವನ್ನೇ ಇಡಲು ಹೇಳಿ ಬಂದಿದ್ದೆ. ಮೊದಲ ವಾರ ಹಲವು ಇಲಿಗಳು ಸತ್ತವು. ಆದರೆ ಇಲಿಗಳು ಹೊರಗೆ ಎಳೆದು ಚೆಲ್ಲಿದ್ದ ವಿಷಾಹಾರವನ್ನು ಮನೆಯ ನಾಯಿ ತಿಂದಿತ್ತು. ಒಂದು ತಿಂಗಳ ನಂತರ ನಾನು ಮತ್ತೆ ಹೋದಾಗ ಆ ರೈತರು ಹೇಳಿದ್ದು ಎರಡೇ ಮಾತು: “ಸಾಹೇಬ್ರ, ಇಲಿ ಹೊಳ್ಳಿ ಬಂದ್ವು. ನಾಯಿ ಹೊಳ್ಳಿ ಬರಲಿಲ್ಲ.” ಶೆಡ್ಡಿನ ಬಾಗಿಲಿನ ಕೆಳಗೆ ಎರಡು ಅಂಗುಲದ ಸಂದು ಹಾಗೆಯೇ ಇತ್ತು. ಅದನ್ನು ನಾನು ಮೊದಲ ಭೇಟಿಯಲ್ಲಿ ನೋಡಿಯೂ ಗಮನಿಸಿರಲಿಲ್ಲ. ಅದೇ ಹೊಸ್ತಿಲಿನ ಮೇಲೆ ಅವರ ಮೊಮ್ಮಗು ಕುಳಿತು ಆಡುತ್ತಿತ್ತು. ಅಂದಿನಿಂದ ಶೆಡ್ಡಿಗೆ ಹೋದರೆ ನಾನು ಮೊದಲು ನೋಡುವುದು ಬಾಗಿಲಿನ ಬುಡವನ್ನು.

ವಿಷ ಹಾಕಿದರೂ ಇಲಿಗಳು ಏಕೆ ಮರಳುತ್ತವೆ?

ಒಂದು ಸ್ಥಳದಲ್ಲಿ ಎಷ್ಟು ಇಲಿಗಳಿರಬಹುದೆಂಬುದನ್ನು ಅಲ್ಲಿನ ಆಹಾರ ಮತ್ತು ಆಶ್ರಯಗಳು ನಿರ್ಧರಿಸುತ್ತವೆ. ಇದ್ದ ಇಲಿಗಳನ್ನು ಕೊಂದರೆ ಜಾಗ ತೆರವಾಗುತ್ತದೆಯೇ ಹೊರತು ಆಹಾರವಾಗಲಿ ಆಶ್ರಯವಾಗಲಿ ಕಡಿಮೆಯಾಗುವುದಿಲ್ಲ. ಅಕ್ಕಪಕ್ಕದ ಬಣವೆ, ಬೇಲಿ ಮತ್ತು ಹೊಲಗಳಿಂದ ಬೇರೆ ಇಲಿಗಳು ಬಂದು ಆ ಜಾಗವನ್ನು ತುಂಬುತ್ತವೆ. ಉಳಿದ ಇಲಿಗಳೂ ಬೇಗನೆ ಹೆಚ್ಚುತ್ತವೆ. ಇಲಿಗಳ ಗರ್ಭಾವಧಿ ಸುಮಾರು ಮೂರು ವಾರ ಮಾತ್ರ. ಒಂದು ಸೂಲಿನಲ್ಲಿ ಸಾಮಾನ್ಯವಾಗಿ 5ರಿಂದ 8 ಮರಿಗಳು ಹುಟ್ಟುತ್ತವೆ. ಸಣ್ಣ ಮನೆಯಿಲಿಯ ಮರಿಗಳು ಹುಟ್ಟಿದ ಒಂದೂವರೆ ತಿಂಗಳ ಹೊತ್ತಿಗೆ, ದೊಡ್ಡ ಇಲಿಯ ಮರಿಗಳು ಸುಮಾರು ಮೂರು ತಿಂಗಳಿಗೆ ಸಂತಾನಕ್ಕೆ ಸಿದ್ಧವಾಗುತ್ತವೆ.

ಇಲಿಯ ಬಾಚಿಹಲ್ಲುಗಳು ಜೀವನಪರ್ಯಂತ ಬೆಳೆಯುತ್ತಲೇ ಇರುತ್ತವೆ. ಅವುಗಳನ್ನು ಸವೆಸುತ್ತಿರಲು ಇಲಿಯು ಗಟ್ಟಿ ವಸ್ತುಗಳನ್ನು ಸದಾ ಕಡಿಯುತ್ತದೆ. ಆದುದರಿಂದಲೇ ತಿನ್ನಲು ಬಾರದ ವೈರು, ಪೈಪು, ರಬ್ಬರು, ಮರಗಳೂ ಹಾಳಾಗುತ್ತವೆ.

ಹಾನಿಯ ಸ್ವರೂಪ

1. ಧಾನ್ಯ ಮತ್ತು ಬೀಜ: 200 ಗ್ರಾಂ ತೂಕದ ಇಲಿ ದಿನಕ್ಕೆ ಸುಮಾರು 20 ಗ್ರಾಂ ಆಹಾರ ತಿನ್ನುತ್ತದೆ. ಈ ಲೆಕ್ಕದಲ್ಲಿ ಶೆಡ್ಡಿನಲ್ಲಿ 20 ಇಲಿಗಳಿದ್ದರೆ ತಿಂಗಳಿಗೆ 12 ಕಿಲೋ ಕಾಳು ಹೋಗುತ್ತದೆ. ಹಿಕ್ಕೆ, ಮೂತ್ರ ಮತ್ತು ಕೂದಲುಗಳಿಂದ ಕೆಡುವ ಕಾಳಿನ ಪ್ರಮಾಣ ತಿಂದದ್ದಕ್ಕಿಂತಲೂ ಹೆಚ್ಚು. ಬಿತ್ತನೆ ಬೀಜದ ಮೊಳಕೆಯ ಭಾಗವನ್ನು ಕಡಿದರೆ ಉಳಿದ ಕಾಳು ಬಿತ್ತನೆಗೆ ಬಾರದು.

2. ಯಂತ್ರೋಪಕರಣ: ಕೆಲಸವಿಲ್ಲದ ದಿನಗಳಲ್ಲಿ ನಿಂತ ಟ್ರ್ಯಾಕ್ಟರಿನ ಬಾನೆಟ್ಟಿನೊಳಗೆ, ಏರ್ ಫಿಲ್ಟರಿನ ಪೆಟ್ಟಿಗೆಯಲ್ಲಿ, ಸೀಟಿನ ಅಡಿಯಲ್ಲಿ ಇಲಿಗಳು ಗೂಡು ಕಟ್ಟುತ್ತವೆ. ವೈರಿನ ಮೇಲ್ಪದರ ಕಡಿದು ತಂತಿ ತೆರೆದುಕೊಂಡರೆ ಕಿಡಿ ಹಾರಿ ಬೆಂಕಿ ತಗಲುವ ಅಪಾಯವಿದೆ. ಮೋಟಾರ್ ಸ್ಟಾರ್ಟರಿನ ಪೆಟ್ಟಿಗೆಗೂ ಈ ಮಾತು ಅನ್ವಯಿಸುತ್ತದೆ. ಸುತ್ತಿಟ್ಟ ಲ್ಯಾಟರಲ್ ಪೈಪಿನ ಸಿಂಬೆ ಇಲಿಗೆ ಸಿದ್ಧಗೂಡು. ಒಂದು ಕಡೆ ಕಡಿದರೂ ಹಲವು ಸುತ್ತುಗಳಲ್ಲಿ ತೂತು ಬೀಳುತ್ತದೆ.

3. ಆರೋಗ್ಯ: ಇಲಿಯ ಮೂತ್ರದಿಂದ ಹರಡುವ ಲೆಪ್ಟೋಸ್ಪೈರೋಸಿಸ್ ಎಂಬ ಕಾಯಿಲೆಯನ್ನು ನಮ್ಮಲ್ಲಿ ಇಲಿ ಜ್ವರ ಎನ್ನುತ್ತಾರೆ. ಮೂತ್ರ ಬೆರೆತ ನೀರು ಅಥವಾ ಒದ್ದೆ ಮಣ್ಣು ಚರ್ಮದ ಗಾಯಕ್ಕೆ ಇಲ್ಲವೇ ಕಣ್ಣು, ಬಾಯಿಗಳಿಗೆ ತಗಲಿದರೆ ರೋಗಾಣು ದೇಹ ಸೇರುತ್ತದೆ. ಜ್ವರ, ಮೀನಖಂಡದಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು, ಕೆಲವರಲ್ಲಿ ಕಾಮಾಲೆ ಇದರ ಲಕ್ಷಣಗಳು. ಇಂತಹ ಜ್ವರ ಬಂದರೆ ಶೆಡ್ಡು ಸ್ವಚ್ಛಗೊಳಿಸಿದ ಅಥವಾ ಕೆಸರಿನಲ್ಲಿ ಕೆಲಸ ಮಾಡಿದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

4. ಹಾವು: ಇಲಿಗಳಿರುವಲ್ಲಿಗೆ ನಾಗರಹಾವು, ಕೇರೆಹಾವುಗಳು ಬರುವುದು ಸಹಜ. ಇಲಿ ಕಡಿಮೆಯಾದರೆ ಹಾವಿನ ಭಯವೂ ಕಡಿಮೆಯಾಗುತ್ತದೆ.

ಯಾವ ಇಲಿ ಎಂಬುದನ್ನು ಗುರುತಿಸುವುದು

• ಸಣ್ಣ ಮನೆಯಿಲಿ (ಕೆಲವೆಡೆ ಚಿಟ್ಟಿಲಿ ಎನ್ನುತ್ತಾರೆ): ಹಿಕ್ಕೆ ಅಕ್ಕಿಕಾಳಿಗಿಂತ ಚಿಕ್ಕದು, ತುದಿ ಚೂಪು. ಪೆಟ್ಟಿಗೆ, ಚೀಲ, ಯಂತ್ರಗಳ ಒಳಗೇ ವಾಸ. ಕಾಳಿನಲ್ಲಿರುವ ತೇವಾಂಶದಿಂದಲೇ ಬದುಕಬಲ್ಲದು. ಹೊಸ ವಸ್ತುವನ್ನು ಕಂಡರೆ ಕುತೂಹಲದಿಂದ ಸಮೀಪಿಸುತ್ತದೆ.

• ಮನೆ ಇಲಿ: ದೇಹಕ್ಕಿಂತ ಬಾಲ ಉದ್ದ. ಹಿಕ್ಕೆ ಸುಮಾರು 12 ಮಿ.ಮೀ. ಚೆನ್ನಾಗಿ ಹತ್ತಬಲ್ಲದು, ಸೂರು, ಜಂತಿ, ಅಟ್ಟಗಳಲ್ಲಿ ವಾಸ. ಹೊಸ ವಸ್ತುವನ್ನು ಕೆಲವು ದಿನ ದೂರವಿಡುತ್ತದೆ.

• ಹೆಗ್ಗಣ: ದೊಡ್ಡ ದೇಹ, ಒರಟು ಕೂದಲು, ದೇಹಕ್ಕಿಂತ ಗಿಡ್ಡನೆಯ ಬಾಲ. ಗೋಡೆಯ ಬುಡ, ತಳಪಾಯ, ಚರಂಡಿಯ ಬದಿಯಲ್ಲಿ ಬಿಲ ತೋಡಿ ಬಾಯಿಯಲ್ಲಿ ಮಣ್ಣು ಗುಡ್ಡೆ ಹಾಕುತ್ತದೆ. ಸಣ್ಣ ಹೆಗ್ಗಣವು ಬಿಲದೊಳಗೆ ಕಾಳನ್ನು ಕೂಡಿಡುತ್ತದೆ.

• ಮೂಗಿಲಿ: ಉದ್ದ ಮೂತಿ, ಕಟುವಾಸನೆ, ಚೀಂ ಚೀಂ ಎಂಬ ಸದ್ದು ಇದರ ಗುರುತು. ಇದು ಇಲಿಯ ಜಾತಿಯಲ್ಲ. ಜಿರಲೆ ಮೊದಲಾದ ಕೀಟಗಳನ್ನು ತಿನ್ನುತ್ತದೆ. ಇದನ್ನು ಕೊಲ್ಲುವ ಅಗತ್ಯವಿಲ್ಲ.

ಸಮಗ್ರ ನಿರ್ವಹಣಾ ಕ್ರಮಗಳು

ಹಂತ 1: ದಾರಿ ಹುಡುಕುವುದು

ಸಂಜೆಯ ವೇಳೆ ಶೆಡ್ಡಿನ ಸುತ್ತಲಿನ ಎಲ್ಲ ಬಿಲಗಳ ಬಾಯಿಗೆ ಮಣ್ಣು ಮುಚ್ಚಿರಿ. ಗೋಡೆಯ ತೂತುಗಳಿಗೆ ಕಾಗದದ ಉಂಡೆ ತುರುಕಿರಿ. ಮರುದಿನ ಬೆಳಿಗ್ಗೆ ತೆರೆದುಕೊಂಡಿರುವವು ಇಲಿಗಳು ಬಳಸುತ್ತಿರುವ ಬಿಲ ಮತ್ತು ದಾರಿಗಳು. ಗೋಡೆಯಂಚಿನಲ್ಲಿ ತೆಳುವಾಗಿ ರಂಗೋಲಿ ಪುಡಿ ಉದುರಿಸಿದರೆ ಹೆಜ್ಜೆ ಗುರುತುಗಳಿಂದ ಓಡಾಟದ ಜಾಡು ತಿಳಿಯುತ್ತದೆ. ಇಲಿಗಳು ಬಯಲಿನಲ್ಲಿ ಓಡುವುದಕ್ಕಿಂತ ಗೋಡೆಗೆ ಮೈ ತಾಗಿಸಿಕೊಂಡು ಓಡುವುದೇ ಹೆಚ್ಚು. ಬಹುಕಾಲ ಬಳಸಿದ ದಾರಿಯಲ್ಲಿ ಜಿಡ್ಡಿನ ಕಪ್ಪು ಕಲೆ ಕಾಣುತ್ತದೆ.

ನಂತರ ಹಗಲಿನಲ್ಲಿ ಶೆಡ್ಡಿನ ಒಳಗೆ ನಿಂತು ಬಾಗಿಲು ಮುಚ್ಚಿಕೊಂಡು ನೋಡಿರಿ. ಬೆಳಕು ಎಲ್ಲೆಲ್ಲಿ ಒಳಬರುವುದೋ ಆ ಸಂದುಗಳನ್ನು ಅಳೆಯಿರಿ. ಸೀಸದ ಕಡ್ಡಿ ತೂರುವಷ್ಟು, ಅಂದರೆ ಸುಮಾರು 6 ಮಿ.ಮೀ. ಸಂದು ಸಣ್ಣ ಮನೆಯಿಲಿಗೆ ಸಾಕು. ಹೆಬ್ಬೆರಳು ತೂರುವಷ್ಟು ಸಂದಿನಲ್ಲಿ ಮನೆ ಇಲಿ ನುಗ್ಗುತ್ತದೆ.

ಹಂತ 2: ಖಾಲಿ ಮಾಡಿ ಸ್ವಚ್ಛಗೊಳಿಸುವುದು

ಸಾಮಾನುಗಳನ್ನು ಹೊರತೆಗೆಯುವಾಗ ಮೊಣಕಾಲುದ್ದದ ಬೂಟು ಮತ್ತು ಕೈಗವಸು ಧರಿಸಿರಿ. ಚೀಲ ಅಥವಾ ಪೈಪಿನ ಸಿಂಬೆಗೆ ಕೈ ಹಾಕುವ ಮೊದಲು ಕೋಲಿನಿಂದ ಅಲುಗಾಡಿಸಿರಿ. ಹಾವಿರುವ ಸಾಧ್ಯತೆಯನ್ನು ಮರೆಯಬಾರದು.

ಹಿಕ್ಕೆಯನ್ನು ಒಣಗಿದ ಸ್ಥಿತಿಯಲ್ಲಿ ಕಸಬರಿಗೆಯಿಂದ ಗುಡಿಸಬಾರದು. ಧೂಳಿನೊಡನೆ ರೋಗಾಣುಗಳು ಉಸಿರಿಗೆ ಸೇರಬಹುದು. ಬಾಗಿಲು ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಟ್ಟು, ಮೂಗು-ಬಾಯಿಗೆ ಮಾಸ್ಕ್ ಧರಿಸಿ, ಒಂದು ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪುಡಿ ಬೆರೆಸಿದ ದ್ರಾವಣವನ್ನು ಚಿಮುಕಿಸಿರಿ. ಹತ್ತು ನಿಮಿಷ ನೆನೆದ ಮೇಲೆ ಹಳೆಯ ಬಟ್ಟೆಯಿಂದ ಬಳಿದು ತೆಗೆದು ಹೂಳಿರಿ. ಈ ದ್ರಾವಣಕ್ಕೆ ಬೇರಾವ ರಾಸಾಯನಿಕವನ್ನೂ ಬೆರೆಸಬಾರದು.

ಸಾಮಾನುಗಳನ್ನು ಮರಳಿ ಜೋಡಿಸುವಾಗ ಈ ಅಂಶಗಳನ್ನು ಪಾಲಿಸಿರಿ:

• ಬೀಜ, ಕಾಳು, ಹಿಂಡಿ, ಪಶು ಆಹಾರ, ಕೋಳಿ ಆಹಾರಗಳನ್ನು ಬಿಗಿ ಮುಚ್ಚಳದ ತಗಡಿನ ಡ್ರಮ್ಮಿನಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲ ಎಷ್ಟೇ ದಪ್ಪವಿದ್ದರೂ ಇಲಿ ಕಡಿಯಬಲ್ಲದು.
• ಚೀಲಗಳನ್ನೇ ಇಡುವುದು ಅನಿವಾರ್ಯವಾದರೆ ನೆಲದಿಂದ ಒಂದು ಅಡಿ ಎತ್ತರದ ಮಣೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ಒಟ್ಟಬೇಕು. ಸುತ್ತಲೂ ನಡೆದು ಕಸ ತೆಗೆಯಲು ಮತ್ತು ಹಿಕ್ಕೆ ಗುರುತಿಸಲು ಈ ಅಂತರ ಬೇಕು.
• ಲ್ಯಾಟರಲ್ ಪೈಪಿನ ಸಿಂಬೆಗಳನ್ನು ನೆಲದಲ್ಲಿ ರಾಶಿ ಹಾಕದೆ ಕಬ್ಬಿಣದ ಕೊಕ್ಕೆಗೆ ಬಿಡಿಬಿಡಿಯಾಗಿ ತೂಗುಹಾಕಬೇಕು.
• ಉಪಯೋಗಕ್ಕೆ ಬಾರದ ಗೋಣಿಚೀಲ, ರಟ್ಟು, ಚಿಂದಿ ಬಟ್ಟೆಗಳನ್ನು ವಿಲೇವಾರಿ ಮಾಡಬೇಕು.
• ಸೋರುವ ನಲ್ಲಿಯನ್ನು ಸರಿಪಡಿಸಬೇಕು. ರಾತ್ರಿ ವೇಳೆ ನಾಯಿಯ ಅನ್ನದ ತಟ್ಟೆ, ದನಗಳ ಕಲಗಚ್ಚಿನ ಬಕೆಟ್ಟುಗಳನ್ನು ಶೆಡ್ಡಿನಲ್ಲಿ ಬಿಡಬಾರದು.

ಹಂತ 3: ದಾರಿ ಮುಚ್ಚುವುದು

ಇದು ಎಲ್ಲ ಹಂತಗಳಲ್ಲಿ ಅತಿ ಮುಖ್ಯವಾದುದು. ಬಟ್ಟೆ, ಥರ್ಮೊಕೋಲ್, ಹಸಿಮಣ್ಣು, ಮರದ ಚೂರುಗಳಿಂದ ಮುಚ್ಚಿದ ತೂತು ಹೆಚ್ಚು ದಿನ ಉಳಿಯದು.

• ಮರದ ಬಾಗಿಲಿನ ಕೆಳಭಾಗಕ್ಕೆ ಹೊರಗಿನಿಂದ ಒಂದು ಅಡಿ ಎತ್ತರದ ತಗಡಿನ ಪಟ್ಟಿ ಹೊಡೆಯಿರಿ. ನೆಲಕ್ಕೂ ಬಾಗಿಲಿಗೂ ನಡುವಿನ ಸಂದು 6 ಮಿ.ಮೀ.ಗಿಂತ ಕಡಿಮೆ ಇರುವಂತೆ ಹೊಸ್ತಿಲಿನಲ್ಲಿ ಸಿಮೆಂಟಿನ ದಿಂಡು ಕಟ್ಟಿರಿ. ರೋಲಿಂಗ್ ಶಟರ್ ಇದ್ದಲ್ಲಿ ಎರಡೂ ಮೂಲೆಗಳನ್ನು ವಿಶೇಷವಾಗಿ ಗಮನಿಸಿರಿ. ಇಲಿಗಳು ಹೆಚ್ಚಾಗಿ ಅಲ್ಲಿಂದಲೇ ನುಗ್ಗುತ್ತವೆ.
• ಗೋಡೆಯ ತೂತುಗಳಿಗೆ ಗಾಜಿನ ಚೂರು ಬೆರೆಸಿದ ಸಿಮೆಂಟ್ ಗಾರೆ ತುಂಬಿರಿ.
• ಕಿಟಕಿ, ಗವಾಕ್ಷಿ, ನೀರು ಹೋಗುವ ಕಿಂಡಿಗಳಿಗೆ 6 ಮಿ.ಮೀ. ಕಣ್ಣಿನ ಕಬ್ಬಿಣದ ಜಾಲರಿ ಹಾಕಿರಿ. ತಗಡಿನ ಚಾವಣಿಯ ಅಲೆಗಳಿಗೂ ಗೋಡೆಗೂ ನಡುವಿನ ಸಂದುಗಳನ್ನು ಗಾರೆಯಿಂದ ಮುಚ್ಚಿರಿ.
• ಹೆಗ್ಗಣದ ಕಾಟವಿದ್ದರೆ ಗೋಡೆಯ ಬುಡದ ಸುತ್ತ ಎರಡು ಅಡಿ ಅಗಲಕ್ಕೆ ಜಲ್ಲಿ-ಸಿಮೆಂಟಿನ ನೆಲಗಟ್ಟು ಮಾಡಿಸಿರಿ.
• ಚಾವಣಿಗೆ ತಾಗುವ ಮರದ ಕೊಂಬೆಗಳನ್ನು ಕನಿಷ್ಠ ನಾಲ್ಕು ಅಡಿ ಅಂತರ ಬರುವಂತೆ ಸವರಿರಿ. ಸೌದೆ ರಾಶಿ ಮತ್ತು ಮೇವಿನ ಬಣವೆ ಶೆಡ್ಡಿಗೆ ತಾಗಿ ಇರಬಾರದು.

ಇಲಿಯು ವಿಘ್ನೇಶ್ವರನ ವಾಹನವೆಂದು ಕೊಲ್ಲಲು ಹಿಂಜರಿಯುವ ಹಿರಿಯರು ನಮ್ಮ ಮನೆಗಳಲ್ಲಿ ಇದ್ದಾರೆ. ದಾರಿ ಮುಚ್ಚುವ ಕ್ರಮವು ಅವರ ಮನಸ್ಸಿಗೂ ಒಪ್ಪುವಂತಹುದು. ಹೊರಗಿರುವ ಇಲಿ ಹೊರಗೇ ಉಳಿದರೆ ನಮ್ಮ ಕೆಲಸ ಮುಗಿಯಿತು.

ಹಂತ 4: ಬೋನು ಇಡುವುದು

ಹೊರಗಿನ ದಾರಿ ಮುಚ್ಚಿದ ದಿನದಿಂದಲೇ ಒಳಗೆ ಸಿಕ್ಕಿಕೊಂಡ ಇಲಿಗಳಿಗೆ ಬೋನು ಸಿದ್ಧವಿರಬೇಕು. ತಡವಾದರೆ ಅವು ಹೊಸ ತೂತು ಕೊರೆಯುತ್ತವೆ. ಒಂದೇ ಬೋನನ್ನು ತಿಂಗಳಿಡೀ ಇಡುವುದಕ್ಕಿಂತ, ಎಂಟು-ಹತ್ತು ಬೋನುಗಳನ್ನು ಒಟ್ಟಿಗೆ ಒಂದು ವಾರ ಇಡುವುದು ಹೆಚ್ಚು ಪರಿಣಾಮಕಾರಿ. ನೆರೆಹೊರೆಯವರಿಂದ ಎರವಲು ಪಡೆದರೂ ಸರಿ.

ಕತ್ತರಿ ಬೋನನ್ನು ಗೋಡೆಗೆ ಅಡ್ಡಲಾಗಿ, ತಿನಿಸಿರುವ ತುದಿ ಗೋಡೆಯ ಕಡೆ ಬರುವಂತೆ ಇಡಬೇಕು. ಪಂಜರದ ಬೋನನ್ನು ಗೋಡೆಗೆ ಸಮಾನಾಂತರವಾಗಿ ಇಡಬೇಕು. ಹುರಿದ ಶೇಂಗಾ, ಒಣಕೊಬ್ಬರಿ ಅಥವಾ ಎಣ್ಣೆಯಲ್ಲಿ ಕರಿದ ತಿನಿಸು ಸೂಕ್ತ. ಮನೆ ಇಲಿ ಮತ್ತು ಹೆಗ್ಗಣಗಳು ಹೊಸ ವಸ್ತುವಿಗೆ ಅಂಜುವುದರಿಂದ ಮೊದಲ ಎರಡು-ಮೂರು ರಾತ್ರಿ ಬೋನನ್ನು ಹೂಡದೆ, ಬರಿದೆ ತಿನಿಸು ಇಟ್ಟು ರೂಢಿ ಮಾಡಿಸಿ ಅನಂತರ ಹೂಡಬೇಕು. ದಾರಿ ಮುಚ್ಚುವ ಎರಡು ದಿನ ಮೊದಲೇ ಈ ರೂಢಿಯನ್ನು ಆರಂಭಿಸಿದರೆ ಒಳ್ಳೆಯದು. ಸಣ್ಣ ಮನೆಯಿಲಿಗೆ ಇದರ ಅಗತ್ಯವಿಲ್ಲ.

ಬೋನುಗಳನ್ನು ಪ್ರತಿದಿನ ಬೆಳಿಗ್ಗೆ ನೋಡಬೇಕು. ಸತ್ತ ಇಲಿಯನ್ನು ಬರಿಗೈಯಿಂದ ಮುಟ್ಟದೆ ಎರಡು ಅಡಿ ಆಳದಲ್ಲಿ ಹೂಳಬೇಕು. ಅಂಟುಹಲಗೆಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ಅದರಲ್ಲಿ ಇಲಿ ಬಹುಹೊತ್ತು ನರಳುತ್ತದೆ, ಹಲ್ಲಿ ಮತ್ತು ಹಕ್ಕಿಗಳೂ ಸಿಲುಕುತ್ತವೆ. ಶಬ್ದ ಹೊರಡಿಸುವ ಯಂತ್ರಗಳಿಗೆ ಇಲಿಗಳು ಬೇಗನೆ ಒಗ್ಗಿಕೊಳ್ಳುತ್ತವೆ. ನುಸಿಗುಳಿಗೆಗಳನ್ನೂ ನೆಚ್ಚುವಂತಿಲ್ಲ. ಬೆಕ್ಕು ಸಣ್ಣ ಇಲಿಗಳನ್ನು ಹಿಡಿಯುವುದು ನಿಜ. ಆದರೆ ನೆಲೆನಿಂತ ಇಲಿಗಳನ್ನು, ಅದರಲ್ಲೂ ಹೆಗ್ಗಣಗಳನ್ನು ಬೆಕ್ಕೊಂದೇ ನಿವಾರಿಸಲಾರದು.

ಹಂತ 5: ವಿಷ – ಅನಿವಾರ್ಯವಾದರೆ ಮಾತ್ರ

ಮೇಲಿನ ನಾಲ್ಕು ಹಂತಗಳ ನಂತರವೂ ಹೊರಗೋಡೆಯ ಬಿಲಗಳಲ್ಲಿ ಹೆಗ್ಗಣಗಳು ಉಳಿದಿದ್ದರೆ ಮಾತ್ರ ಬ್ರೋಮಾಡಿಯೋಲೋನ್ ಶೇ. 0.005ರ ಸಿದ್ಧ ಮೇಣದ ಬಿಲ್ಲೆಗಳನ್ನು ಬಳಸಬಹುದು. ಇದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಿಷ. ಇಲಿಯು ತಿಂದ ಕೆಲವು ದಿನಗಳ ನಂತರ ಸಾಯುವುದರಿಂದ ಉಳಿದವುಗಳಿಗೆ ಅನುಮಾನ ಬರುವುದಿಲ್ಲ. ಬಿಲ್ಲೆಯನ್ನು ತೆರೆದ ನೆಲದ ಮೇಲೆ ಇಡಬಾರದು. ಒಂದೂವರೆ ಅಡಿ ಉದ್ದ, ನಾಲ್ಕು ಅಂಗುಲ ವ್ಯಾಸದ ಪೈಪಿನ ನಡುವೆ ತಂತಿಯಿಂದ ಬಿಗಿದು, ಪೈಪನ್ನೂ ಗೋಡೆಗೆ ಕಟ್ಟಿರಿ. ನಾಯಿ-ಕೋಳಿಗಳು ಪೈಪಿನ ಹತ್ತಿರ ಸುಳಿಯದಂತೆ ಮುಳ್ಳು ಅಥವಾ ಕಲ್ಲು ಇಟ್ಟು, ಮಕ್ಕಳನ್ನು ಆ ಬದಿಗೆ ಬಿಡದಿರಿ. ಎರಡು-ಮೂರು ದಿನಕ್ಕೊಮ್ಮೆ ನೋಡಿ, ಸತ್ತ ಇಲಿಗಳನ್ನು ಹುಡುಕಿ ಹೂಳಿರಿ. ಅವುಗಳನ್ನು ತಿಂದ ಬೆಕ್ಕು, ನಾಯಿ ಮತ್ತು ಗೂಬೆಗಳಿಗೂ ವಿಷವೇರುತ್ತದೆ. ಗೂಬೆ ರಾತ್ರಿಯಿಡೀ ಇಲಿ ಹಿಡಿಯುವ ರೈತಮಿತ್ರ ಪಕ್ಷಿ. ಎರಡು ವಾರದ ನಂತರ ಉಳಿದ ಬಿಲ್ಲೆಗಳನ್ನು ಎಣಿಸಿ ಹಿಂತೆಗೆದು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿರಿ.

ಶೆಡ್ಡಿನಲ್ಲಿ ಎಂದಿಗೂ ಮಾಡಬಾರದವು:

• ಸತುವಿನ ರಂಜಕದ ಬಳಕೆ. ಹೊಟ್ಟೆ ಸೇರಿದಾಗ ಇದರಿಂದ ಮಾರಕ ಫಾಸ್ಫೀನ್ ಅನಿಲ ಹೊರಡುತ್ತದೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ.
• ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯ ಬಳಕೆ. ಇದು ನಿರ್ಬಂಧಿತ ಔಷಧ. ತರಬೇತಿ ಮತ್ತು ಪರವಾನಗಿ ಇರುವವರಷ್ಟೇ ಬಳಸತಕ್ಕದ್ದು. ಮನೆಗೆ ತಾಗಿದ ಶೆಡ್ಡಿನಲ್ಲಿ ಇದರ ಅನಿಲ ಗೋಡೆಯ ಸಂದಿನಿಂದ ಮಲಗುವ ಕೋಣೆಗೂ ನುಸುಳಬಹುದು.
• ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ಅನ್ನ, ಬಜ್ಜಿ, ಬ್ರೆಡ್ಡಿಗೆ ಬೆರೆಸಿಡುವುದು.
• ಇಲಿಗಾಗಿ ವಿದ್ಯುತ್ ಹಾಯಿಸಿದ ತಂತಿ ಎಳೆಯುವುದು.

ಇಲಿಗೆ ಹೆದರಿ ಮನೆ ಸುಟ್ಟಂತೆ ಎಂಬ ಗಾದೆ ಇಂತಹ ಕ್ರಮಗಳಿಗೆ ಸರಿಯಾಗಿ ಒಪ್ಪುತ್ತದೆ.

ವಿಷ ಸೇವನೆಯಾದರೆ: ಮಗು ಅಥವಾ ದೊಡ್ಡವರು ಇಲಿಪಾಷಾಣ ತಿಂದ ಸಂಶಯ ಬಂದೊಡನೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನ ಬೇಡ. ವಿಷದ ಪೊಟ್ಟಣವನ್ನು ಜೊತೆಗೆ ಒಯ್ಯಿರಿ. ಅದರ ಹೆಸರಿನ ಮೇಲೆಯೇ ಚಿಕಿತ್ಸೆ ನಿರ್ಧಾರವಾಗುತ್ತದೆ. ಬ್ರೋಮಾಡಿಯೋಲೋನ್ ತಿಂದವರಲ್ಲಿ ಮೊದಲ ಒಂದೆರಡು ದಿನ ಯಾವ ಲಕ್ಷಣವೂ ಕಾಣದಿರಬಹುದು. ಆರಾಮಾಗಿದ್ದಾರೆಂದು ಕಾಯುತ್ತ ಕೂರಬಾರದು. ಇದಕ್ಕೆ ವಿಟಮಿನ್ ಕೆ1 ಪ್ರತಿವಿಷವಾಗಿದ್ದು, ವೈದ್ಯರೇ ನೀಡಬೇಕು. ಸಾಕುಪ್ರಾಣಿಗಳನ್ನು ಪಶುವೈದ್ಯರಲ್ಲಿಗೆ ತಡಮಾಡದೆ ಒಯ್ಯಿರಿ.

ಯಾವಾಗ ಕೈಗೊಳ್ಳಬೇಕು?

ಮುಂಗಾರು ಬೆಳೆ ಕೊಯ್ಲಾದೊಡನೆ ಹೊಲದಲ್ಲಿ ಆಹಾರ ಮತ್ತು ಮರೆ ಎರಡೂ ತಪ್ಪುವುದರಿಂದ ಇಲಿಗಳು ಕಣ, ಬಣವೆ ಮತ್ತು ಶೆಡ್ಡುಗಳ ಕಡೆಗೆ ಸರಿಯುತ್ತವೆ. ಜೋರು ಮಳೆಯಲ್ಲಿ ಬಿಲಗಳಿಗೆ ನೀರು ನುಗ್ಗಿದಾಗಲೂ ಹೆಗ್ಗಣಗಳು ಮನೆಯತ್ತ ಬರುತ್ತವೆ. ಆದುದರಿಂದ ಗಣೇಶ ಚೌತಿಯಿಂದ ದೀಪಾವಳಿಯೊಳಗೆ, ಹೊಸ ಕಾಳು ಮನೆಗೆ ಬರುವ ಮುನ್ನವೇ ದಾರಿ ಮುಚ್ಚುವ ಕೆಲಸ ಮುಗಿದಿರಬೇಕು. ಆ ನಂತರ ಹದಿನೈದು ದಿನಕ್ಕೊಮ್ಮೆ ಗೋಡೆಯಂಚನ್ನು ಪರೀಕ್ಷಿಸಿದರೆ ಸಾಕು. ಬಹುದಿನ ನಿಂತ ಟ್ರ್ಯಾಕ್ಟರನ್ನು ಚಾಲೂ ಮಾಡುವ ಮೊದಲು ಬಾನೆಟ್ ತೆರೆದು ವೈರು ಮತ್ತು ಏರ್ ಫಿಲ್ಟರುಗಳನ್ನು ನೋಡುವುದನ್ನು ರೂಢಿಸಿಕೊಳ್ಳಿರಿ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ರೈತರು “ಇಲಿಗೆ ಔಷಧಿ ಕೊಡಿ” ಎಂದು ಕೇಳಿದಾಗ ಮೊದಲು ಶೆಡ್ಡಿಗೆ ಭೇಟಿ ನೀಡಿರಿ. ಬಾಗಿಲಿನ ಸಂದು, ಆಹಾರದ ಸಂಗ್ರಹ, ಮನೆಯಲ್ಲಿರುವ ಮಕ್ಕಳು ಮತ್ತು ಸಾಕುಪ್ರಾಣಿಗಳು ಈ ಮೂರು ಅಂಶಗಳನ್ನು ಗುರುತು ಹಾಕಿಕೊಂಡ ನಂತರವೇ ಸಲಹೆ ನೀಡಿರಿ. ಒಂದು ಮನೆಯಿಂದ ಓಡಿದ ಇಲಿ ಪಕ್ಕದ ಮನೆ ಸೇರುವುದರಿಂದ, ಒಂದು ಓಣಿಯ ಎಲ್ಲ ಮನೆಗಳಲ್ಲಿ ಒಂದೇ ವಾರದಲ್ಲಿ ಈ ಕ್ರಮಗಳನ್ನು ಕೈಗೊಳ್ಳುವಂತೆ ಗ್ರಾಮ ಪಂಚಾಯಿತಿ ಮತ್ತು ಸ್ವಸಹಾಯ ಸಂಘಗಳ ನೆರವು ಪಡೆಯಿರಿ.

ಒಂದು ಚೀಲ ಸಿಮೆಂಟು, ಒಂದು ತುಂಡು ತಗಡು, ಒಂದಿಷ್ಟು ಜಾಲರಿ ಮತ್ತು ಎರಡು ದಿನದ ದುಡಿಮೆ ಬಹುತೇಕ ಶೆಡ್ಡುಗಳಿಗೆ ಸಾಕು. ವಿಷವನ್ನು ವರ್ಷ ವರ್ಷವೂ ಕೊಳ್ಳಬೇಕು. ಮುಚ್ಚಿದ ದಾರಿ ವರ್ಷಗಟ್ಟಲೆ ಕಾಯುತ್ತದೆ. ಹೆಚ್ಚಿನ ಮಾಹಿತಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಭೇಟಿ ಮಾಡಿರಿ, ಇಲ್ಲವೇ ಕಿಸಾನ್ ಕಾಲ್ ಸೆಂಟರಿನ ಉಚಿತ ದೂರವಾಣಿ 1800-180-1551ಕ್ಕೆ ಕರೆ ಮಾಡಿರಿ.